ಫ್ರಂಟ್ ಸೈಟಿಗೆ ಎಷ್ಟು ಅರ ಹಾಕಬೇಕು ಎಂದು ಕೇಳುವವರಿಗೆ

ನಾನು ರಿವಾಲ್ವರ್ ರಿಪೇರಿ ಮಾಡುವವನೆಂದು ತಿಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಗುಂಡು ಕೆಳಗೆ ಬೀಳುತ್ತಿದೆ, ಫ್ರಂಟ್ ಸೈಟಿಗೆ ಎಷ್ಟು ಅರ ಹಾಕಬೇಕು?" ಫ್ರಂಟ್ ಸೈಟ್ ಎಂದರೆ ನಳಿಗೆಯ ತುದಿಯ ಮೇಲಿರುವ ಪುಟ್ಟ ಅಲಗು, ಅದನ್ನು ಹಿಂದಿನ ಸೈಟಿನ ಸೀಳಿನೊಳಗೆ ಕಂಡು ಗುರಿ ಹಿಡಿಯುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಮೊದಲು ಅರವನ್ನು ಕೆಳಗಿಡಿ. ಸಿಲಿಂಡರ್ ತೆರೆದು, ಪ್ರತಿಯೊಂದು ಕೋಣೆಯೂ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ. ಮಿಕ್ಕ ಮಾತು ಆಮೇಲೆ.

"ಎಷ್ಟು" ಎಂಬುದಕ್ಕೆ ಲೆಕ್ಕವಿದೆ, ಅದರಲ್ಲಿ ಗುಟ್ಟೇನೂ ಇಲ್ಲ. ಗುಂಡು ಎಷ್ಟು ತಪ್ಪಿ ಬಿದ್ದಿದೆಯೋ ಅದನ್ನು ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಇರುವ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ಎರಡು ಸೈಟುಗಳ ನಡುವೆ 150 ಮಿಲಿಮೀಟರ್ ಇದ್ದು, ಗುರಿ 15 ಮೀಟರ್ ದೂರದಲ್ಲಿದ್ದರೆ, ಸೈಟಿನಲ್ಲಿ ಆಗುವ ಬದಲಾವಣೆ ಗುರಿಹಲಗೆಯ ಮೇಲೆ ನೂರು ಪಟ್ಟಾಗಿ ಕಾಣುತ್ತದೆ. ಆರು ಸೆಂಟಿಮೀಟರ್ ಕೆಳಗೆ ಬೀಳುವ ಗುಂಡನ್ನು ಮೇಲೆ ತರಲು ತೆಗೆಯಬೇಕಾದದ್ದು 0.6 ಮಿಲಿಮೀಟರ್ ಮಾತ್ರ. "ಒಂಚೂರು ಉಜ್ಜಿಕೊಡಿ" ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಆ ಒಂಚೂರಿಗೆ ವರ್ನಿಯರ್ ಕ್ಯಾಲಿಪರ್ ಹಿಡಿಯದೆ ಬೆಲೆ ಕಟ್ಟಲಾಗದು, ಮತ್ತು ಉಜ್ಜಿ ಹೋದ ಉಕ್ಕು ಮತ್ತೆ ಬೆಳೆಯುವುದಿಲ್ಲ.

ದಿಕ್ಕಿನ ವಿಷಯದಲ್ಲಂತೂ ಹತ್ತರಲ್ಲಿ ಐದು ಮಂದಿ ತಿರುಗುಮುರುಗಾಗಿ ತಿಳಿದಿರುತ್ತಾರೆ. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೆ ಸರಿಸಬೇಕು, ಮುಂದಿನದನ್ನು ಅದಕ್ಕೆ ವಿರುದ್ಧವಾಗಿ. ಗುಂಡು ಕೆಳಗೆ ಬಿದ್ದರೆ ಫ್ರಂಟ್ ಸೈಟ್ ತಗ್ಗಬೇಕು, ಮೇಲೆ ಬಿದ್ದರೆ ಎತ್ತರವಾಗಬೇಕು, ಎಡಕ್ಕೆ ಬಿದ್ದರೆ ಎಡಕ್ಕೇ ಸರಿಯಬೇಕು. ಹಿಂದಿನ ಸೈಟಿನಲ್ಲಿ ಹೊಂದಿಸುವ ತಿರುಪು ಇದ್ದರೆ ಮೊದಲು ಅದನ್ನು ತಿರುಗಿಸಿ ನೋಡಬೇಕು, ಆ ತಿರುಪಿನ ಓಟ ಮುಗಿದ ಮೇಲಷ್ಟೇ ಮುಂದಿನದನ್ನು ಮುಟ್ಟಬೇಕು. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯಂತಹ ರಿವಾಲ್ವರ್‌ಗಳಲ್ಲಿ ಹಿಂದಿನ ಸೈಟು ಚೌಕಟ್ಟಿನ ನೆತ್ತಿಯಲ್ಲಿ ಕೊರೆದ ಒಂದು ತೋಡು ಮಾತ್ರ, ಅಲ್ಲಿ ಸರಿಸುವುದಕ್ಕೆ ಏನೂ ಇಲ್ಲ. ಅಂಥವುಗಳಿಗೇ ಅರದ ಕೆಲಸ ಬೀಳುವುದು.

ಇಷ್ಟು ಹೇಳಿದ ಮೇಲೂ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಕಾರಣ ಒಬ್ಬರ ಪ್ರಸಂಗ.

ಅವರು ತಂದದ್ದು .38 ಸ್ಪೆಷಲ್ ರಿವಾಲ್ವರ್, ಸ್ಥಿರ ಸೈಟಿನದು. ಫ್ರಂಟ್ ಸೈಟಿನ ಅಲಗು ನಳಿಗೆಯೊಂದಿಗೆ ಒಂದೇ ಉಕ್ಕಿನಲ್ಲಿ ಮೂಡಿಬಂದದ್ದು. ಗುಂಡು ಕೆಳಗೆ ಬೀಳುತ್ತದೆಂದು ಅವರು ಮನೆಯಲ್ಲೇ ಮೂರು ಸಲ ಅರ ಹಾಕಿದ್ದರು. ದೀಪದ ಕೆಳಗೆ ಹಿಡಿದು ನೋಡಿದೆ: ಅಲಗಿನ ನೆತ್ತಿ ಬಲಕ್ಕೆ ಇಳಿಜಾರಾಗಿತ್ತು, ಎಡಮೂಲೆ ಚೂಪಾಗಿಯೂ ಬಲಮೂಲೆ ದುಂಡಾಗಿಯೂ ಇತ್ತು, ಕಪ್ಪು ಬಣ್ಣ ಹೋಗಿ ಬರಿ ಉಕ್ಕು ಬೆಳಕಿಗೆ ಮಿಂಚುತ್ತಿತ್ತು. ಮಿಂಚುವ ಸೈಟು ಕಣ್ಣಿಗೆ ಸುಳ್ಳು ಹೇಳುತ್ತದೆ. ಬೆಳಕು ಒಂದು ಮಗ್ಗುಲಿಂದ ಬಿದ್ದರೆ ಆ ಮಗ್ಗುಲೇ ಅಲಗಿನ ನಡುವೆಂದು ತೋರುತ್ತದೆ. ಅರ ಅಡ್ಡಲಾಗಿ, ಸಮನಾಗಿ ನಡೆಯಬೇಕು, ನೆತ್ತಿಯ ಎರಡು ಮೂಲೆಗಳೂ ಚೂಪಾಗಿ ಉಳಿಯಬೇಕು, ನಳಿಗೆಗೆ ಟೇಪು ಸುತ್ತಿರಬೇಕು. ಅಲ್ಲಿ ಈ ಯಾವುದೂ ಆಗಿರಲಿಲ್ಲ.

"ಯಾವ ತೋಟಾ ಹಾಕುತ್ತೀರಿ?" ಎಂದು ಕೇಳಿದೆ. ಸಿಕ್ಕಿದ್ದು ಎಂದರು. ಮೂರು ಸಲವೂ ಅವರು ಹಾಕಿದ್ದು 110 ಗ್ರೇನಿನ ಹಗುರ ಗುಂಡು (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ). ಸ್ಥಿರ ಸೈಟಿನ .38ಗಳನ್ನು ಸಾಮಾನ್ಯವಾಗಿ ಹೊಂದಿಸಿರುವುದು 158 ಗ್ರೇನಿನ ಗುಂಡಿಗೆ, ಅಂದರೆ ಸುಮಾರು 10.2 ಗ್ರಾಮಿಗೆ. ಗುಂಡು ನಳಿಗೆಯೊಳಗೆ ಇನ್ನೂ ಓಡುತ್ತಿರುವಾಗಲೇ ಹಿಂದಕ್ಕೆ ಬರುವ ಒದೆತದಿಂದ ಮೂತಿ ಏಳಲು ಶುರುವಾಗುತ್ತದೆ. ಭಾರದ ಗುಂಡು ನಿಧಾನವಾಗಿ ಹೊರಬರುವುದರಿಂದ ಅಷ್ಟರಲ್ಲಿ ಮೂತಿ ಹೆಚ್ಚು ಎದ್ದಿರುತ್ತದೆ, ಹಗುರದ್ದು ಬೇಗ ಹೊರಟುಹೋಗುವುದರಿಂದ ಗುರಿಹಲಗೆಯಲ್ಲಿ ಕೆಳಗೆ ಬೀಳುತ್ತದೆ. ಈ ಏಳುವಿಕೆಯನ್ನು ಲೆಕ್ಕಕ್ಕೆ ಹಿಡಿದೇ ಫ್ರಂಟ್ ಸೈಟನ್ನು ಅಷ್ಟು ಎತ್ತರ ಮಾಡಿರುತ್ತಾರೆ. ಅವರು ಉಜ್ಜಿ ಹಾಕಿದ್ದು ಆ ಲೆಕ್ಕವನ್ನೇ.

ಇನ್ನೊಂದು ಅನುಮಾನವಿತ್ತು. ಸಿಲಿಂಡರಿನಲ್ಲಿ ಅವರಿಗೆ ತಿಳಿಯದಂತೆ ನಾಲ್ಕು ತೋಟಾ, ಎರಡು ಡಮ್ಮಿ (ಸಿಡಿಯದ ಸುಳ್ಳು ತೋಟಾ) ಬೆರೆಸಿ ಕೊಟ್ಟೆ. ಮೊದಲ ಎರಡು ಸಿಡಿದವು. ಮೂರನೆಯದು ಡಮ್ಮಿ: ಟಕ್ ಎಂದಿತು, ಸಿಡಿಯದಿದ್ದರೂ ಮೂತಿ ಎರಡು ಬೆರಳಿನಷ್ಟು ಕೆಳಗೆ ಕುಸಿಯಿತು. ಅವರ ಮುಖ ಕೆಂಪಾಯಿತು. ಸದ್ದಿಗೆ ಮೊದಲೇ ಬೆದರಿ ಟ್ರಿಗರನ್ನು ಎಳೆದುಬಿಡುವ ಕೈ ಅದು. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ಎಲ್ಲರಿಗೂ ಬರುತ್ತದೆ, ಅಭ್ಯಾಸದಿಂದ ಹೋಗುತ್ತದೆ. ಆದರೆ ಕೈಯ ತಪ್ಪಿಗೆ ಸೈಟನ್ನು ಉಜ್ಜಿದರೆ ಕೈ ಸರಿಯಾದ ದಿನ ಸೈಟು ತಪ್ಪಾಗುತ್ತದೆ. ಮರಳು ಚೀಲದ ಮೇಲೆ ಒರಗಿಸಿ 158 ಗ್ರೇನನ್ನು ಹಾರಿಸಿದೆವು. 15 ಮೀಟರಿನಲ್ಲಿ ಗುಂಡುಗಳ ಗುಂಪು ಸುಮಾರು 12 ಸೆಂಟಿಮೀಟರ್ ಮೇಲೆ ಬಿತ್ತು.

ಪಿನ್ನಿನಿಂದ ಕೂರಿಸಿದ ಅಲಗಾಗಿದ್ದರೆ ಪಂಚ್ ಹಿಡಿದು ಪಿನ್ನು ತೆಗೆದು ಎತ್ತರದ ಅಲಗು ಹಾಕಿದರೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಉಳಿದ ಮೋಟಿನ ಉದ್ದಕ್ಕೂ ಸೀಳು ಕೊರೆದು, ಹೊಸ ಉಕ್ಕಿನ ಪಟ್ಟಿಯನ್ನು ಬಿಗಿಯಾಗಿ ಇಳಿಸಿ, ಅಡ್ಡಪಿನ್ನು ಹೊಡೆದು, ತವರ-ಬೆಳ್ಳಿಯ ಬೆಸುಗೆ ಹಾಕಿದೆ. ಈ ಬೆಸುಗೆ 221 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವುದರಿಂದ ನಳಿಗೆಯ ಉಕ್ಕಿಗೆ ಏನೂ ಆಗದು. ಉಕ್ಕನ್ನು ಕಪ್ಪಾಗಿಸುವ ಬಿಸಿ ಕ್ಷಾರದ ಬ್ಲೂಯಿಂಗ್ ಈ ಬೆಸುಗೆಯನ್ನು ತಿಂದುಹಾಕುತ್ತದೆ, ಹಾಗಾಗಿ ಬಣ್ಣಕ್ಕೆ ಬಿಸಿ ಮಾಡದೆ ಹಚ್ಚುವ ಕೋಲ್ಡ್ ಬ್ಲೂ. ಅಲಗನ್ನು ಬೇಕೆಂದೇ ಎತ್ತರ ಬಿಟ್ಟೆ.

ನನ್ನನ್ನು ಕೇಳಬೇಕಾದ ಪ್ರಶ್ನೆ "ಎಷ್ಟು" ಎಂಬುದಲ್ಲ, "ಯಾವ ತೋಟಾಕ್ಕೆ, ಯಾರ ಕೈಗೆ, ಎಷ್ಟು ದೂರಕ್ಕೆ" ಎಂಬುದು. ಅಲಗು ಒಂದು ಕಡೆ ವಾಲಿದ್ದರೂ ಸುತ್ತಿಗೆಯಿಂದ ತಟ್ಟಬೇಡಿ, ನಳಿಗೆಯ ತಿರುಪು ಸರಿಯಾಗಿ ಕೂರದೆ ಅದು ವಾಲಿರಬಹುದು. ಹಾಗೆಂದು ಚೌಕಟ್ಟಿನ ಕಿಂಡಿಯಲ್ಲಿ ಸುತ್ತಿಗೆಯ ಹಿಡಿ ತೂರಿಸಿ ನಳಿಗೆಯನ್ನು ತಿರುಗಿಸಲು ಹೋದರೆ ಚೌಕಟ್ಟೇ ತಿರುಚಿಕೊಳ್ಳುತ್ತದೆ, ಆಮೇಲೆ ಆ ರಿವಾಲ್ವರಿಗೆ ಉಳಿಗಾಲವಿಲ್ಲ.

ಎರಡು ವಾರದ ನಂತರ ಅವರು ಬಂದು ಮರಳು ಚೀಲದ ಮೇಲಿಂದ 158 ಗ್ರೇನನ್ನು ಹಾರಿಸಿದರು. ಗುಂಪು ಏಳು ಸೆಂಟಿಮೀಟರ್ ಕೆಳಗೆ ಬಿತ್ತು. ಲೆಕ್ಕದಂತೆ ತೆಗೆಯಬೇಕಾದದ್ದು 0.7 ಮಿಲಿಮೀಟರ್. ಮೊದಲು 0.5 ತೆಗೆದು ಅಳೆದು ಮತ್ತೆ ಹಾರಿಸಿದೆವು, ಆಮೇಲೆ ಮಿಕ್ಕ 0.2. ಸಿಲಿಂಡರ್ ಖಾಲಿ ಮಾಡಿ ಕೈಗಿಟ್ಟಾಗ, ಈಗ ಹಗುರ ಗುಂಡು ಹಾಕಿದರೆ ಏನಾಗುತ್ತದೆ ಎಂದು ಕೇಳಿದರು. ಕೆಳಗೆ ಬೀಳುತ್ತದೆ, ಆಗ ತೋಟಾ ಬದಲಿಸಿ, ಅಲಗು ಮುಟ್ಟಬೇಡಿ ಎಂದೆ.