ಜಾಲಿ ಮುಳ್ಳಿನ ಮಿಡತೆ

ಊರಿಗೆ ಹೋದಾಗ ಹೊಲದ ಬದು ಮೇಲಿನ ಜಾಲಿ ಗಿಡದಲ್ಲಿ ಒಂದು ಮಿಡತೆ ಮುಳ್ಳಿಗೆ ಚುಚ್ಕೊಂಡು ಒಣಗ್ತಾ ಇತ್ತು, ಗಾಳಿಗೆ ಸಿಕ್ಕಾಕೊಂಡಿರ್ಬೇಕು ಅನ್ಕೊಂಡೆ, ನೋಡಿದ್ರೆ ಪಕ್ಕದ ಮುಳ್ಳಲ್ಲಿ ಪುಟ್ಟ ಓತಿಕ್ಯಾತನೂ ಇದೆ. ಶ್ರೈಕ್ ಹಕ್ಕಿ ಕೆಲಸ ಅದು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಕೊಂಡಂಗಿರತ್ತಲ್ಲ, ಅದೇ. ಕೊಕ್ಕಿನ ತುದಿ ಹದ್ದಿನ ಥರ ಬಾಗಿದೆ ಆದ್ರೆ ಕಾಲಲ್ಲಿ ಹದ್ದಿನಷ್ಟು ಹಿಡಿತ ಇಲ್ಲ, ಅದಕ್ಕೇ ಮುಳ್ಳಿಗೆ ಸಿಕ್ಕಿಸಿ ಹರಿದು ತಿನ್ನತ್ತೆ, ಮಿಕ್ಕಿದ್ದು ನಾಳೆಗೆ. ಅಮೆರಿಕದ ಒಂದು ಜಾತಿ ಶ್ರೈಕ್ ಅಂತೂ ವಿಷದ ಮಿಡತೆನ ಹಿಂಗೇ ಸಿಕ್ಕಿಸಿ ಒಂದೆರಡು ದಿನ ಕಾದು, ವಿಷ ಇಳಿದ್ಮೇಲೆ ತಿನ್ನತ್ತೆ!! ಹಿಂಗೆ ಊಟ ಕೂಡಿಡೋದು ಶ್ರೈಕ್ ಒಂದೇ ಅಲ್ಲ, ಯೂರೋಪಿನ ಮೋಲ್ ಅನ್ನೋ, ನೆಲದಡಿ ಬಿಲ ತೋಡ್ಕೊಂಡು ಬದುಕೋ ಪುಟ್ಟ ಪ್ರಾಣಿ ಎರೆಹುಳದ ತಲೆ ಕಡೆ ಕಚ್ಚಿ, ಸಾಯಿಸದೆ ಬರೀ ಅಲುಗಾಡದ ಹಾಗೆ ಮಾಡಿ, ನೂರಾರು ಹುಳ ಬಿಲದಲ್ಲಿ ಕೂಡಿಡತ್ತೆ, ಜೀವ ಇರೋದ್ರಿಂದ ಕೆಡೋದಿಲ್ಲ.

ಅಜ್ಜಿ ಮನೆ ರಾಗಿ ಹಗೇವು ನೆನಪಾಯ್ತು, ಬರ ಬಂದ್ರೆ ಇರ್ಲಿ ಅಂತ ನೆಲದಡಿ ತುಂಬಿಡೋರು. ಆ ಮಿಡತೆನ ಮುಟ್ಟೋಕೆ ಮನಸ್ಸಾಗ್ಲಿಲ್ಲ, ಯಾರದೋ ಊಟ ಅದು. ಬದು ಸವರುವಾಗ ಆ ಜಾಲಿ ಒಂದನ್ನ ಬಿಡಣ್ಣಾ ಅಂತ ಅಣ್ಣಂಗೆ ಹೇಳಿ ಬಂದಿದೀನಿ.