ಕಲ್ಲಿನ ರಥದ ಮೇಲಿದ್ದ ಶಿಖರ

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಇಂದು ನೋಡುವವರಿಗೆ, ಅದರ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತು ಎಂಬುದು ಹೊಳೆಯುವುದೇ ಇಲ್ಲ. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಆ ಶಿಖರ ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ಅದನ್ನು ತೆಗೆದುಹಾಕಲಾಯಿತು. ಆ ಕಾಲದ ಪ್ರವಾಸಿ ಛಾಯಾಗ್ರಾಹಕರ ಚಿತ್ರಗಳನ್ನು ನಾನು ಮುಖ್ಯವಾಗಿ ಇಂಥ ಸಾಕ್ಷ್ಯಕ್ಕಾಗಿಯೇ ನೋಡುತ್ತೇನೆ.

ಆದರೆ ಈ ಸಾಕ್ಷಿಯನ್ನೂ ಪಾಟೀಸವಾಲಿಗೆ ಒಳಪಡಿಸಬೇಕು. 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳನ್ನು ಚಿತ್ರಿಸಿದ ಛಾಯಾಗ್ರಾಹಕ ಲಿನೇಯಸ್ ಟ್ರೈಪ್, ಹಂಪಿಯನ್ನು ಚಿತ್ರಿಸಿದ ಗ್ರೀನ್‌ಲಾ, ಇಬ್ಬರೂ ಬಳಸಿದ್ದು ಕಾಗದದ ನೆಗೆಟಿವ್. ಮೇಣ ಹಿಡಿಸಿದ ಕಾಗದವನ್ನು ಮುಂಚಿತವಾಗಿಯೇ ಸಿದ್ಧಪಡಿಸಿ ಒಯ್ಯಬಹುದಾಗಿದ್ದರಿಂದ ಎತ್ತಿನ ಗಾಡಿಯ ಪ್ರಯಾಣಕ್ಕೆ ಅದು ಒಗ್ಗುತ್ತಿತ್ತು. 1851ರಲ್ಲಿ ಬಂದ, ಕೊಲೋಡಿಯನ್ ಎಂಬ ಅಂಟು ದ್ರಾವಣ ಹಚ್ಚಿದ ಗಾಜಿನ ಫಲಕವನ್ನಾದರೋ ಹಸಿಯಿರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಪಕ್ಕದ ಕತ್ತಲೆಯ ಡೇರೆಯಲ್ಲಿ ಕೂಡಲೇ ತೊಳೆಯಬೇಕಿತ್ತು. ಕಾಗದದ ಮೇಲೆ ಚಿತ್ರ ಮೂಡಲು ಬೆಳಕು ಹೆಚ್ಚು ಹೊತ್ತು ಬೀಳಬೇಕಾಗಿದ್ದರಿಂದ ಅಲುಗಾಡದ ಕಲ್ಲು ಚೆನ್ನಾಗಿ ಉಳಿಯಿತು, ಓಡಾಡುವ ಮನುಷ್ಯರು ಮಾಸಿಹೋದರು. ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುವ ಆ ರಾಸಾಯನಿಕದಲ್ಲಿ ಆಕಾಶವೂ ಬರಿದಾಗುತ್ತಿತ್ತು. ಟ್ರೈಪ್ ತನ್ನ ಕೆಲವು ನೆಗೆಟಿವ್‌ಗಳ ಮೇಲೆ ಕುಂಚದಿಂದ ಮೋಡಗಳನ್ನು ಬರೆದಿದ್ದಾನೆ! ಆದ್ದರಿಂದ ಕಂಬದ ಕೆತ್ತನೆಯನ್ನು ನಂಬಬಹುದು, ಮೋಡವನ್ನು ನಂಬಲಾಗದು; ಪ್ರಾಂಗಣ ನಿರ್ಜನವಾಗಿತ್ತು ಎಂದಂತೂ ಹೇಳಲೇಬಾರದು.

ಉಡುಪಿಯಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವಿದೆ. ನಮ್ಮ ಕರಾವಳಿಯ ಗುಡಿಗಳು ಬಹುಪಾಲು ಮರ, ಮುರಕಲ್ಲು, ಹಂಚುಗಳಿಂದ ಆದವು. ಮಳೆಗೆ ಅವು ಬೇಗ ಸವೆಯುತ್ತವೆ. ಜೀರ್ಣೋದ್ಧಾರವೆಂದರೆ ಎಷ್ಟೋ ಊರುಗಳಲ್ಲಿ ಹಳೆಯ ಕಟ್ಟಡವನ್ನು ಪೂರ್ತಿ ಬಿಚ್ಚಿ ಹೊಸತನ್ನು ಕಟ್ಟುವುದೇ ಆಗಿದೆ. ಅದು ಭಕ್ತರ ಹಕ್ಕು, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜೀರ್ಣೋದ್ಧಾರದ ಬಳಿಕ ನಡೆಯುವ ಬ್ರಹ್ಮಕಲಶೋತ್ಸವವನ್ನು ಡ್ರೋನ್‌ನಿಂದ ಚಿತ್ರಿಸಲು ಹಣ ಹೊಂದಿಸುವ ಸಮಿತಿಗಳು, ಹಂಚು ಇಳಿಸುವ ಮೊದಲು ಒಂದು ದಿನವನ್ನು ಹಳೆಯ ಗುಡಿಗೆ ಕೊಡಬಾರದೇ? ನಾಲ್ಕು ಬದಿಯ ಗೋಡೆ, ಮಾಡಿನ ಒಳಗಿನ ಮರದ ಜೋಡಣೆ, ತೀರ್ಥಮಂಟಪದ ಮುಚ್ಚಿಗೆ, ಅಂಗಳದ ಶಾಸನ, ಇಷ್ಟನ್ನಾದರೂ ಅಳತೆಯ ಕೋಲನ್ನು ಪಕ್ಕದಲ್ಲಿಟ್ಟು ತೆಗೆಯಬೇಕು. ಗ್ರೀನ್‌ಲಾಗೆ ಬೇಕಾಗಿದ್ದ ಮೇಣವಾಗಲಿ, ಗಾಜಿನ ಫಲಕದವರಿಗೆ ಬೇಕಾಗಿದ್ದ ಡೇರೆಯಾಗಲಿ ಈಗ ಬೇಡ. ಕೈಯಲ್ಲಿರುವ ಮೊಬೈಲ್ ಸಾಕು, ತೆಗೆದ ದಿನಾಂಕವನ್ನು ಬರೆದಿಟ್ಟು ಎರಡು ಕಡೆ ಪ್ರತಿ ಉಳಿಸಿಕೊಂಡರಾಯಿತು.