ಕೀ ಚೈನಿನ ಬೆಂಕಿ ನಂಬಿ ಬೆಟ್ಟ ಹತ್ತಿದ್ದು

ಮೂರು ದಿನದ ಚಾರಣ. ಮೊದಲ ದಿನ ಸಂಜೆಯೇ ಮಳೆ ಹಿಡಿಯಿತು. ಟೆಂಟ್ ಹಾಕಿ ಮುಗಿಸುವ ಹೊತ್ತಿಗೆ ನಾವಿಬ್ಬರೂ ತೊಯ್ದು ತೊಪ್ಪೆ. ಒದ್ದೆ ಸಾಕ್ಸ್, ಕಲ್ಲು ನೆಲ, ಜಿಗಣೆ ಇವೆಲ್ಲ ನನಗೆ ದೊಡ್ಡ ವಿಷಯವಲ್ಲ. ಆದರೆ ಚಳಿಯಲ್ಲಿ ಒಂದು ಲೋಟ ಬಿಸಿನೀರು ಸಿಗಲಿಲ್ಲ ಅಂದರೆ ತಲೆಯೇ ಓಡುವುದಿಲ್ಲ. ಹಾಗಾಗಿ ದಾರಿ, ಸೂರ್ಯೋದಯ, ಮೇಲಿನಿಂದ ಕಾಣುವ ನೋಟ ಇದ್ಯಾವುದನ್ನೂ ಇಲ್ಲಿ ಹುಡುಕಬೇಡಿ. ಬೆಂಕಿ ಹೊತ್ತಿಸುವ ಸಾಮಾನಿನ ಕಥೆ ಮಾತ್ರ ಇದೆ.

ಗ್ಯಾಸ್ ಸ್ಟವ್ ಭಾರ ಅಂತ ಬಿಟ್ಟು ಹೋಗಿದ್ದೆವು. ಬೆಂಕಿ ಹಾಕಲು ಅನುಮತಿ ಇದ್ದ ಜಾಗ, ಕಲ್ಲಿನ ಒಲೆಯೂ ಇತ್ತು. ನನ್ನ ಹತ್ತಿರ ಹೊಸದಾಗಿ ಕೊಂಡ ಕೀ ಚೈನ್ ಫೆರೋ ರಾಡ್ ಇತ್ತು, ಅಂದರೆ ತಗಡಿನಿಂದ ಗೀರಿದರೆ ಕಿಡಿ ಹಾರಿಸುವ ಲೋಹದ ಕಡ್ಡಿ. ಎರಡು ಗೆಣ್ಣು ಉದ್ದ, ಬೆಂಕಿಕಡ್ಡಿಗಿಂತ ಚೂರು ದಪ್ಪ. ಸಾವಿರಾರು ಸಲ ಗೀರಬಹುದು, ನೀರಲ್ಲಿ ನೆನೆದರೂ ಕಿಡಿ ಬರುತ್ತದೆ ಅಂತ ಜಾಹೀರಾತು ಹೇಳಿತ್ತು. ಅದು ಸುಳ್ಳಲ್ಲ, ಮೋಸ ಇರುವುದೇ ಅಲ್ಲಿ. ಕಿಡಿ ಬರುತ್ತದೆ, ಬೆಂಕಿ ಬರುವುದಿಲ್ಲ.

ಮೊದಲ ಹತ್ತು ಗೀರಿಗೆ ಕಿಡಿಯೂ ಬರಲಿಲ್ಲ. ಹೊಸ ರಾಡಿನ ಮೇಲೆ ಕಪ್ಪು ಲೇಪ ಇರುತ್ತದೆ, ಅದನ್ನು ಕೆರೆದು ತೆಗೆದ ಮೇಲೇ ಕೆಲಸ ಶುರು ಅಂತ ಗೊತ್ತಿರಲಿಲ್ಲ. ಆಮೇಲೆ ಕಿಡಿ ಚೆನ್ನಾಗಿಯೇ ಹಾರಿತು. ಆದರೆ ಬೆರಳು ಮರಗಟ್ಟಿತ್ತು. ಉಗುರಿನಷ್ಟಗಲದ ಗೀರುವ ತಗಡು ಎರಡು ಸಲ ಕೈಜಾರಿ ಕೆಸರಿಗೆ ಬಿತ್ತು. ಮೂರನೇ ಸಲ ಜೋರಾಗಿ ಗೀರಿದಾಗ ಕೈ ತಗುಲಿ, ಕಷ್ಟಪಟ್ಟು ಕೂಡಿಸಿದ್ದ ಒಣ ನಾರೆಲ್ಲ ಚೆಲ್ಲಾಪಿಲ್ಲಿ. ಗೆಳೆಯ ಏನೂ ಅನ್ನಲಿಲ್ಲ. ಸುಮ್ನೆ ಟಾರ್ಚ್ ಹಿಡಿದುಕೊಂಡು ನಿಂತಿದ್ದ. ಬೈದಿದ್ದರೇ ವಾಸಿ ಇತ್ತು.

ಪಕ್ಕದ ಟೆಂಟಿನ ಹಿರಿಯರೊಬ್ಬರು ಬಂದು ಒಂದು ನಿಮಿಷ ನೋಡಿದರು. "ಬರೀ ಕಿಡಿ ಹಾರಿಸಿದ್ರೆ ಆಗುತ್ತೇನಪ್ಪಾ? ಹಿಡಿಯೋಕೆ ಏನಾದ್ರೂ ಕೊಡು ಅದಕ್ಕೆ" ಅಂತ ಜೇಬಿನಿಂದ ಪುಟ್ಟ ಡಬ್ಬಿ ತೆಗೆದರು. ಅದರಲ್ಲಿ ಪೆಟ್ರೋಲಿಯಂ ಜೆಲ್ಲಿ ಸವರಿದ ಹತ್ತಿಯ ಉಂಡೆಗಳು. ಒಂದನ್ನು ಬಿಡಿಸಿ ನಾರು ಕಾಣುವ ಹಾಗೆ ಮಾಡಿ, ಮಾಮೂಲಿ ಲೈಟರ್ ತೋರಿಸಿದರು. ಅಷ್ಟೇ. ಹತ್ತು ನಿಮಿಷದಲ್ಲಿ ನೀರು ಕುದಿಯುತ್ತಿತ್ತು.

ಆ ಹತ್ತಿಯನ್ನು ಎಷ್ಟು ಹೊಗಳಿದರೂ ಸಾಲದು. ಶುದ್ಧ ಹತ್ತಿಯೇ ಆಗಬೇಕು, ಸಿಂಥೆಟಿಕ್ ಆದರೆ ಕರಗುತ್ತದೆ. ಜೆಲ್ಲಿಯನ್ನು ಹೊರಗಿನಿಂದ ಸವರಿ, ಒಳಗೆ ಸ್ವಲ್ಪ ಒಣ ನಾರು ಉಳಿಸಿಕೊಳ್ಳಿ. ಆ ಒಣ ನಾರು ಕಿಡಿ ಹಿಡಿಯುತ್ತದೆ, ಜೆಲ್ಲಿ ಮೇಣದ ಹಾಗೆ ನಿಧಾನಕ್ಕೆ ಉರಿಯುತ್ತದೆ. ಒಂದು ಉಂಡೆ ಎರಡು ಮೂರು ನಿಮಿಷ ಉರಿದರೆ ಸಣ್ಣ ಪುಳ್ಳೆಗಳಿಗೆ ಸಾಕು. ನಾನೀಗ ಸ್ಟ್ರಾ ತುಂಡುಗಳಲ್ಲಿ ತುಂಬಿ, ಎರಡೂ ತುದಿ ಬಿಸಿ ಮಾಡಿ ಒತ್ತಿ ಮುಚ್ಚುತ್ತೇನೆ. ನೀರು ಹೋಗುವುದಿಲ್ಲ, ಪರ್ಸಿನಲ್ಲೂ ಹಿಡಿಯುತ್ತದೆ.

ಫೆರೋ ರಾಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1903ರಲ್ಲಿ ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ ಕಂಡುಹಿಡಿದ ಮಿಶ್ರಲೋಹ ಅದು. ಲೈಟರ್ ಚಕ್ರದ ಕೆಳಗಿನ ಕಲ್ಲೂ ಅದೇ ಜಾತಿಯದು. ಕಿಡಿ ಸುಮಾರು 3000 ಡಿಗ್ರಿ ಬಿಸಿ ಇದ್ದರೂ, ಸಾಸಿವೆಗಿಂತ ಸಣ್ಣ ಚೂರು, ಕಣ್ಣು ಮಿಟುಕಿಸುವಷ್ಟರಲ್ಲಿ ಆರುತ್ತದೆ. ಒದ್ದೆ ತರಗೆಲೆ ಅದಕ್ಕೆಲ್ಲಿ ಹೆದರುತ್ತದೆ! ಕೊಳ್ಳುವುದಾದರೆ ಕನಿಷ್ಠ 8 ಮಿಲಿಮೀಟರ್ ದಪ್ಪ, ಮುಷ್ಟಿಯಲ್ಲಿ ಹಿಡಿಯುವಷ್ಟು ಉದ್ದದ್ದು ಕೊಳ್ಳಿ. ಗೀರುವ ತಗಡಿನ ಅಂಚು ಚೂಪಾಗಿ, ಲಂಬಕೋನದಲ್ಲಿರಬೇಕು. ತಗಡನ್ನು ಅಲ್ಲಾಡಿಸದೆ ಹಿಡಿದು ರಾಡನ್ನು ಹಿಂದಕ್ಕೆ ಎಳೆಯಿರಿ, ಆಗ ನಾರು ಚೆಲ್ಲುವುದಿಲ್ಲ.

ಆದರೂ ದಿನಾ ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೆ ನನ್ನ ಆಯ್ಕೆ ಚಕ್ರ ತಿರುಗಿಸುವ ಸಣ್ಣ ಲೈಟರ್. ಒಳಗಿನ ಗ್ಯಾಸ್ ಕಾಣುವಂಥದ್ದು. ಚಕ್ರ ಒದ್ದೆಯಾದರೆ ಒಣ ಬಟ್ಟೆಯ ಮೇಲೆ ನಾಲ್ಕು ಸಲ ಉರುಳಿಸಿದರೆ ಸರಿಹೋಗುತ್ತದೆ. ಬ್ಯಾಗಿನಲ್ಲಿ ಗುಂಡಿ ಒತ್ತಿಕೊಂಡು ಗ್ಯಾಸ್ ಖಾಲಿಯಾಗದಂತೆ ಗುಂಡಿಯ ಕೆಳಗೆ ರಬ್ಬರ್ ಬ್ಯಾಂಡ್ ಸುತ್ತಿಡಿ. ಚಳಿ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಒಳಗಿನ ಗ್ಯಾಸ್ ಬ್ಯೂಟೇನ್, ಅದು ಕುದಿಯುವುದೇ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅದಕ್ಕಿಂತ ಚಳಿಯಾದರೆ ಆವಿಯಾಗದೆ ದ್ರವವಾಗಿಯೇ ಉಳಿಯುತ್ತದೆ. ಮೂರನೇ ದಿನ ಬೆಳಿಗ್ಗೆ ಟೆಂಟಿನ ಹೊರಗೆ ಉಳಿದಿದ್ದ ಲೈಟರ್ ಎಷ್ಟು ತಿರುಗಿಸಿದರೂ ಹೊತ್ತಲಿಲ್ಲ. ಕಂಕುಳಲ್ಲಿ ಹತ್ತು ನಿಮಿಷ ಇಟ್ಟುಕೊಂಡ ಮೇಲೆ ಹೊತ್ತಿತು. ಗೆಳೆಯನ ದುಬಾರಿ ಜೆಟ್ ಲೈಟರ್ (ಗುಂಡಿ ಒತ್ತಿದರೆ ವಿದ್ಯುತ್ ಕಿಡಿಯಿಂದ ಹೊತ್ತುವಂಥದ್ದು) ಆ ಎತ್ತರದಲ್ಲಿ ಟಕ್ ಟಕ್ ಅಂತ ಸದ್ದು ಮಾಡಿದ್ದಷ್ಟೇ ಬಂತು.

ಬೆಂಕಿಪೊಟ್ಟಣ ಒಯ್ಯುವವರಿಗೆ ಒಂದು ಮಾತು. ಕೆಂಪು ರಂಜಕ ಇರುವುದು ಪೊಟ್ಟಣದ ಪಕ್ಕದ ಪಟ್ಟಿಯಲ್ಲಿ, ಕಡ್ಡಿಯಲ್ಲಲ್ಲ. ಕಡ್ಡಿಯನ್ನಷ್ಟೇ ಜೋಪಾನ ಮಾಡಿ ಪಟ್ಟಿ ನೆನೆದರೆ ಮುಗೀತು. ಬತ್ತಿಯ ಲೈಟರಿನ ಎಣ್ಣೆ ಕೆಲವೇ ದಿನಗಳಲ್ಲಿ ಆವಿಯಾಗುತ್ತದೆ. ಕಿಡಿ ಹಿಡಿಸಲು ಮೆಗ್ನೀಸಿಯಂ ಲೋಹದ ತುಂಡನ್ನು ಕೆರೆದು ಪುಡಿ ಮಾಡುವಷ್ಟು ತಾಳ್ಮೆ ನನಗಿಲ್ಲ, ಗಾಳಿಗೂ ಇಲ್ಲ.

ವಿಮಾನದಲ್ಲಿ ಹೋಗುವವರು ನಿಯಮ ನೋಡಿಕೊಳ್ಳಿ. ಕೆಲವು ಕಡೆ ಮೈಮೇಲೆ ಒಂದು ಲೈಟರ್ ಬಿಡುತ್ತಾರೆ, ಕೆಲವು ಕಡೆ ಅದೂ ಇಲ್ಲ. ಕಾಡಿನಲ್ಲಿ ಬೆಂಕಿ ನಿಷೇಧ ಇದ್ದರೆ ಹೊರಡುವ ಮೊದಲೇ ತಿಳಿದುಕೊಳ್ಳಿ. ಆಮೇಲೆ ಮನೆಯಲ್ಲೇ ಕೈಯನ್ನು ತಣ್ಣೀರಲ್ಲಿ ಐದು ನಿಮಿಷ ಅದ್ದಿ, ಆ ಕೈಯಲ್ಲೇ ಬೆಂಕಿ ಹೊತ್ತಿಸಿ ನೋಡಿ. ಹತ್ತು ವಿಮರ್ಶೆ ಓದುವುದಕ್ಕಿಂತ ಇದು ಜಾಸ್ತಿ ಹೇಳುತ್ತದೆ.

ಆ ಕೀ ಚೈನ್ ಈಗ ಅಡುಗೆಮನೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಗ್ಯಾಸ್ ಸ್ಟವ್ ಮಾತ್ರ ಒಂದೇ ಗೀರಿಗೆ ಹೊತ್ತಿಕೊಳ್ಳುತ್ತದೆ.